ಗಿಟಾರಿನ ಗಂಟಲು

ನಮ್ಮ ಸ್ಟೋರ್ ರೂಮಿನ ಗೋಡೆಯ ಮೊಳೆಯಲ್ಲಿ ಒಂದು ಪ್ಲಾಸ್ಟಿಕ್ ಪೈಪು ನೇತಾಡುತ್ತಿರುತ್ತದೆ. ಕಿರುಬೆರಳಿನ ದಪ್ಪ, ಆಚೆಯದು ಈಚೆ ಕಾಣುವಷ್ಟು ತಿಳಿ. ಅದರ ಒಂದು ತುದಿಯಲ್ಲಿ ಹಲ್ಲಿನ ಗುರುತು ಸ್ಪಷ್ಟವಾಗಿದೆ. ಮೊನ್ನೆ ದುಬೈಯಿಂದ ರಜೆಯಲ್ಲಿ ಬಂದ ನಮ್ಮ ಯಜಮಾನರು ವಾಶಿಂಗ್ ಮೆಶಿನ್ನಿಗೆ ಪೈಪು ಹುಡುಕುತ್ತ ಅದನ್ನು ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿದರು.

“ಇದನ್ನು ಎಂತ ಮಾರಾಯ್ತಿ, ಇಲಿ ಕಚ್ಚಿದ್ದಾ?”

“ಇಲಿ ಅಲ್ಲ, ನಾನು.”

ಅವರು ಪೈಪನ್ನು ಮೊಳೆಗೆ ಸಿಕ್ಕಿಸಿ ಹೊರಗೆ ಹೋದರು. ದಾಂಪತ್ಯ ಹಳತಾದಂತೆ ಕೆಲವು ಪ್ರಶ್ನೆಗಳನ್ನು ಮುಂದುವರಿಸಬಾರದೆಂಬ ಜ್ಞಾನ ಬರುತ್ತದೆ. ನಿಜವಾಗಿ ಈ ಪೈಪಿನ ಕತೆಯನ್ನು ನಾನು ಅವರಿಗೆ ಫೋನಿನಲ್ಲಿ ಪೂರ್ತಿ ಹೇಳಿದ್ದೆ. ಅವರು ಅಲ್ಲಿಂದ ಸರಿಯಾದ ಜಾಗಗಳಲ್ಲಿ “ಹೂಂ” ಎನ್ನುತ್ತಲೂ ಇದ್ದರು. ನಿದ್ದೆಯಲ್ಲಿ ಹೂಂಗುಟ್ಟುವ ಕಲೆಯಲ್ಲಿ ಅವರು ಇಷ್ಟು ಪಳಗಿದ್ದಾರೆಂದು ನನಗೆ ಗೊತ್ತಾದದ್ದು ಮೊನ್ನೆಯೇ. ಇರಲಿ, ನಿಮಗಾದರೂ ಹೇಳುತ್ತೇನೆ.

ನನ್ನ ಅಪ್ಪನಿಗೆ ಉರ್ವ ಮಾರ್ಕೆಟಿನ ಹತ್ತಿರ ಮೈಕ್ ಸೆಟ್ಟಿನ ಅಂಗಡಿಯಿತ್ತು. ಮದುವೆ, ಕೋಲ, ಯಕ್ಷಗಾನ, ಚುನಾವಣೆ ಎಲ್ಲಕ್ಕೂ ಅಪ್ಪನ ಹಾರ್ನುಗಳೇ ತೆಂಗಿನ ಮರ ಹತ್ತಿ ಕೂಗುತ್ತಿದ್ದವು. ಶಾಲೆ ಬಿಟ್ಟು ನಾನು ನೇರ ಅಂಗಡಿಗೆ ಬರುತ್ತಿದ್ದೆ. ಈಯ ಕರಗಿದ ಹೊಗೆಯ ವಾಸನೆ, ಧೂಳು ಹಿಡಿದ ವಯರಿನ ಸುರುಳಿಗಳು, ಮೂಲೆಯಲ್ಲಿ ಒಂದರೊಳಗೊಂದು ಕೂತ ದೊಡ್ಡ ಬಾಯಿಯ ಹಾರ್ನುಗಳು. ಒಮ್ಮೆ ಅಂಥದ್ದೊಂದು ಹಾರ್ನಿನೊಳಗೆ ಬೆಕ್ಕು ಮರಿ ಹಾಕಿತು. ಮರುದಿನ ಯಾರದೋ ಮದುವೆಗೆ ಆ ಹಾರ್ನು ಹೋಗಬೇಕಿತ್ತು. ಅಪ್ಪ ಗಿರಾಕಿಗೆ “ಅದು ಈಗ ಬಾಣಂತಿ ಕೋಣೆ, ಮರಿಗಳು ಕಣ್ಣು ಬಿಡುವವರೆಗೆ ಸಿಗುವುದಿಲ್ಲ” ಎಂದು ಹೇಳಿ, ಪಕ್ಕದ ಬೀದಿಯ ಎದುರಾಳಿ ಅಂಗಡಿಯಿಂದ ಬೇರೆ ಹಾರ್ನು ತಂದುಕೊಟ್ಟರು.

ಹಾರ್ನಿನ ಹಿಂಭಾಗದಲ್ಲಿ ತಿರುಪು ಹಾಕಿ ಕೂರಿಸುವ ಒಂದು ಭಾರದ ಗುಂಡು ಇರುತ್ತದೆ, ಸಿಪ್ಪೆ ಸುಲಿದ ತೆಂಗಿನಕಾಯಿಯಷ್ಟು. ಮೈಕಿನವರ ಭಾಷೆಯಲ್ಲಿ ಅದು ‘ಯೂನಿಟ್’. ಸದ್ದು ಹುಟ್ಟುವುದು ಅದರಲ್ಲಿ. ಹಾರ್ನು ಅದನ್ನು ಊರಿಗೆ ಹಂಚುತ್ತದೆ ಅಷ್ಟೆ. ಒಂದು ದಿನ ಅಪ್ಪ ಯೂನಿಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟು ಯಾವುದೋ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಹಾರ್ನಿಲ್ಲದ ಯೂನಿಟ್ಟು ಸೊಳ್ಳೆಯ ಹಾಗೆ ಸಣ್ಣಗೆ ಹಾಡುತ್ತಿತ್ತು. ನಾನು, ಯಾಕೆಂದು ಕೇಳಬೇಡಿ, ಅದರ ತೂತಿಗೆ ಬಾಯಿ ಕೊಟ್ಟೆ. ಹಾಡು ನನ್ನ ಬಾಯಿಯಿಂದ ಹೊರಗೆ ಬಂತು! ಬಾಯಿ ಅಗಲಿಸಿದರೆ ಹಾಡು ಅಗಲವಾಯಿತು, ತುಟಿ ದುಂಡಗೆ ಮಾಡಿದರೆ ಹಾಡೂ ದುಂಡಗಾಯಿತು. ಹಲ್ಲುಗಳೆಲ್ಲ ಜುಮುಜುಮು ಎಂದವು. ಅಪ್ಪ ಹೊಟ್ಟೆ ಹಿಡಿದು ನಕ್ಕರು. ಊಟದ ಕ್ಯಾರಿಯರ್ ತಂದ ಅಮ್ಮ ಮಾತ್ರ ಬೆನ್ನಿಗೊಂದು ಕೊಟ್ಟು, “ತುಕ್ಕು ನೆಕ್ಕುತ್ತೀಯಾ?” ಎಂದು ಬಾಯಿ ತೊಳೆಸಿದರು.

ಆ ಅಂಗಡಿಯ ಖಾಯಂ ಗಿರಾಕಿ ಜೆಪ್ಪುವಿನ ಸಿರಿಲಣ್ಣ. ಹಗಲು ಶಿಪ್ಪಿಂಗ್ ಆಫೀಸಿನಲ್ಲಿ ಗುಮಾಸ್ತ. ಸಂಜೆಯಾದರೆ ಎಲೆಕ್ಟ್ರಿಕ್ ಗಿಟಾರು ಹೆಗಲಿಗೇರಿಸಿ ಮದುವೆಮನೆಗಳ ಹಾಡುಗಾರ. ಕೊಂಕಣಿ ಕ್ರೈಸ್ತರ ಮದುವೆಯ ಮುನ್ನಾದಿನ ‘ರೋಸ್’ ಎಂಬ ಶಾಸ್ತ್ರವುಂಟು. ಮದುಮಗಳ ತಲೆಗೆ, ಕೆನ್ನೆಗೆ ಮನೆಮಂದಿ ತೆಂಗಿನ ಹಾಲು ಹಚ್ಚಿ, ಹಾಡು ಹೇಳಿ, ಅವಳನ್ನು ಪೂರ್ತಿ ನೆನೆಸಿಬಿಡುತ್ತಾರೆ. ಜೆಪ್ಪು ಕಡೆ ಸಿರಿಲಣ್ಣ ಹಾಡದಿದ್ದರೆ ಅದು ರೋಸ್ ಅಲ್ಲ, ಬರೀ ತಲೆಸ್ನಾನ ಎಂದು ಜನ ಹೇಳುತ್ತಿದ್ದರು. ಅಪ್ಪ ತೀರಿಕೊಂಡು, ಅಂಗಡಿ ಮುಚ್ಚಿ, ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳಾದ ಮೇಲೂ ನಮ್ಮ ಸ್ನೇಹ ಉಳಿಯಿತು. ಅವರ ಹೆಂಡತಿ ಜೆಸಿಂತಕ್ಕ ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ತಟ್ಟೆ ಕಳಿಸುತ್ತಾರೆ, ನಾನು ಅಷ್ಟಮಿಗೆ ಉಂಡೆ ಚಕ್ಕುಲಿ.

ಕಳೆದ ವರ್ಷ ಸಿರಿಲಣ್ಣನಿಗೆ ಗಂಟಲಿನ ಕ್ಯಾನ್ಸರ್ ಎಂದಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಅವರು ಉಸಿರಾಡುವುದು ಕತ್ತಿನ ಬುಡದಲ್ಲಿರುವ ಒಂದು ತೂತಿನಿಂದ. ಅದರ ಮೇಲೆ ಜೆಸಿಂತಕ್ಕ ಹೊಲಿದ ತೆಳು ಬಟ್ಟೆ. ಹೇಳಬೇಕಾದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸುತ್ತಾರೆ. ಕತ್ತಿಗೆ ಒತ್ತಿ ಹಿಡಿದು ಮಾತನಾಡುವ ಒಂದು ಯಂತ್ರವನ್ನು ಮನೆಯವರು ತಂದುಕೊಟ್ಟಿದ್ದರಂತೆ. ಸಿರಿಲಣ್ಣ ಒಂದೇ ಸಲ ಬಳಸಿ ಕಪಾಟಿಗೆ ಸೇರಿಸಿದರು. ಯಾಕೆಂದು ಕೇಳಿದ್ದಕ್ಕೆ ನನಗೆ ಟೈಪ್ ಮಾಡಿ ತೋರಿಸಿದರು: “ಮಿಕ್ಸಿ ಮಾತನಾಡಿದ ಹಾಗೆ ಆಗ್ತದೆ. ಅದರಲ್ಲಿ ಚಟ್ನಿ ಮಾಡಬಹುದು, ಹಾಡಲಿಕ್ಕೆ ಆಗುವುದಿಲ್ಲ.”

ಅವರ ಮಗಳು ರೀಮಾಳ ಮದುವೆ ನಿಶ್ಚಯವಾದಾಗ ಆಮಂತ್ರಣ ಕೊಡಲು ಕರೆದರು. ಹೋದೆ. ರೀಮಾ ನರ್ಸು, ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದಳು. ಸಿರಿಲಣ್ಣ ಕಿಟಕಿಯ ಬಳಿ ಕೂತಿದ್ದರು. ಗಿಟಾರು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕಪಾಟಿನ ಮೇಲೆ ಮಲಗಿತ್ತು.

“ರೋಸಿಗೆ ಎಲ್ಲ ವ್ಯವಸ್ಥೆ ಆಯ್ತು ಶಾಲಿನಿ,” ಎಂದರು ಜೆಸಿಂತಕ್ಕ. “ಇವಳ ಹಾಡಿನದ್ದೇ ಒಂದು ರಗಳೆ.”

ಹಾಡೆಂದರೆ, ರೀಮಾ ತೊಟ್ಟಿಲಲ್ಲಿದ್ದಾಗ ಸಿರಿಲಣ್ಣ ತಾನೇ ಕಟ್ಟಿದ ಕೊಂಕಣಿ ಜೋಗುಳ. “ರಡಾನಾಕಾ ಬಾಯೆ” ಎಂದು ಶುರು. ಅಳಬೇಡ ಮಗಳೇ, ಎಂದು ಅರ್ಥ. ಅವಳ ರೋಸಿನ ದಿನ ತೆಂಗಿನ ಹಾಲು ಎರೆಯುವಾಗ ಅದನ್ನೇ ಹಾಡುತ್ತೇನೆಂದು ಅವಳ ಪ್ರತಿ ಹುಟ್ಟುಹಬ್ಬಕ್ಕೂ ಎಲ್ಲರ ಎದುರು ಘೋಷಿಸುತ್ತಿದ್ದರು.

“ಚರ್ಚಿನ ಕೊಯರಿನವರು ಹಾಡ್ತಾರಂತೆ. ಇವಳು ಬೇಡ ಹೇಳ್ತಾಳೆ.”

“ಡ್ಯಾಡಾ ಹಾಡದಿದ್ರೆ ಆ ಹಾಡು ಯಾರೂ ಹಾಡುವುದು ಬೇಡ ಆಂಟಿ,” ಎಂದಳು ರೀಮಾ, ಕಪ್ಪಿನೊಳಗೆ ನೋಡುತ್ತ. “ಹಾಡಿಲ್ಲದೆ ರೋಸ್ ಆಗ್ತದೆ. ಎಂತ ತೊಂದರೆ ಇಲ್ಲ.”

ಸಿರಿಲಣ್ಣ ಎದ್ದು ಒಳಗೆ ಹೋದರು. ಬಾಗಿಲನ್ನು ಮೆಲ್ಲಗೆ ಮುಚ್ಚಿದ ಸದ್ದು ಕೇಳಿತು. ದನಿಯಿದ್ದ ಕಾಲದಲ್ಲಿ ಅವರು ಬಾಗಿಲನ್ನು ಮೆಲ್ಲಗೆ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ಸಿಟಿ ಬಸ್ಸಿನಲ್ಲಿ ಉರ್ವಕ್ಕೆ ವಾಪಸು ಬರುತ್ತ ಮನಸ್ಸು ಹುಳಿಹುಳಿಯಾಗಿತ್ತು. ಗಿಟಾರು ಇದೆ, ಬೆರಳು ಇದೆ, ನಾಲಿಗೆ ತುಟಿ ಎಲ್ಲ ಇದೆ. ಇಲ್ಲದ್ದು ದನಿಯೊಂದೇ. ಹಾಗೆ ಯೋಚಿಸುವಾಗ, ಯಾವತ್ತೋ ಮೊಬೈಲಿನಲ್ಲಿ ಕಂಡ ಒಂದು ವಿಡಿಯೋ ನೆನಪಾಯಿತು. ಯಾವುದೋ ದೇಶದ ಗಿಟಾರಿನವನು ಬಾಯಿಗೊಂದು ಪೈಪು ಇಟ್ಟುಕೊಂಡಿದ್ದ. ಗಿಟಾರು ಮಾತಾಡಿದ ಹಾಗೆ ಕೇಳುತ್ತಿತ್ತು. ಟಾಕ್ ಬಾಕ್ಸ್ ಅಂತ ಅದಕ್ಕೆ ಹೆಸರು. ಆಗ ನೋಡಿ ನಕ್ಕು ಬಿಟ್ಟಿದ್ದೆ. ಈಗ ಥಟ್ಟನೆ ಅಪ್ಪನ ಅಂಗಡಿಯ ಮೇಜು, ಆ ಯೂನಿಟ್ಟು, ಹಲ್ಲಿನ ಜುಮುಜುಮು ಎಲ್ಲ ಒಟ್ಟಿಗೆ ಬಂದವು. ಅರೆ, ಇದನ್ನು ನಾನು ಲಂಗ ಹಾಕುವ ಕಾಲದಲ್ಲೇ ಮಾಡಿದ್ದೇನಲ್ಲ! ಗಂಟಲು ಕೊಡುವುದು ಬರೀ ದನಿ. ಅದನ್ನು ಮಾತು ಮಾಡುವುದು ಬಾಯಿ. ದನಿಯನ್ನು ಗಂಟಲಿನ ಬದಲು ಗಿಟಾರು ಕೊಟ್ಟರೆ? ಬಸ್ಸಿನಲ್ಲೇ ಆ, ಈ, ಊ ಎಂದು ಸದ್ದಿಲ್ಲದೆ ಬಾಯಿ ತೆರೆದು ಮುಚ್ಚಿ ಮಾಡತೊಡಗಿದೆ. ಪಕ್ಕದ ಸೀಟಿನ ಹೆಂಗಸು ಕನಿಕರದಿಂದ, “ಹಲ್ಲು ನೋವಾ? ಲವಂಗ ಇಡಿ,” ಎಂದರು.

ಅಟ್ಟದ ಮೇಲೆ ಅಪ್ಪನ ಕಾಲದ ಎರಡು ಯೂನಿಟ್ಟುಗಳು ಉಳಿದಿದ್ದವು. ಒಂದನ್ನು ಇಳಿಸಿ ಒರೆಸಿದೆ. ಮಾಡಬೇಕಾದ್ದು ಕೇಳಲು ಸುಲಭ. ಗಿಟಾರಿನ ಆಂಪ್ಲಿಫಯರಿನಿಂದ ಸ್ಪೀಕರಿಗೆ ಹೋಗುವ ವಯರನ್ನು ಯೂನಿಟ್ಟಿಗೆ ಕೊಡುವುದು. ಯೂನಿಟ್ಟಿನ ಬಾಯಿಗೆ ಸಣ್ಣ ಪೈಪು ಕೂರಿಸುವುದು. ಪೈಪಿನ ಇನ್ನೊಂದು ತುದಿಯನ್ನು ನಮ್ಮ ಬಾಯಿಗೆ ಇಡುವುದು. ಬಾಯಿಂದ ಹೊರಬರುವ ಸದ್ದಿಗೆ ಎದುರಿಗೊಂದು ಮೈಕು. ಆದರೆ ಯೂನಿಟ್ಟಿನ ಬಾಯಿ ದೊಡ್ಡದು, ಪೈಪು ಸಣ್ಣದು. ಮೊದಲು ಎಣ್ಣೆ ಹೊಯ್ಯುವ ಆಲಿಕೆ ಕೂರಿಸಿದೆ. ಸದ್ದೆಲ್ಲ ಸುತ್ತಲಿಂದ ಸೋರಿಹೋಯಿತು. ಮತ್ತೆ ಮಾರ್ಕೆಟಿನ ಹಾರ್ಡ್‌ವೇರ್ ಅಂಗಡಿಯಿಂದ ದೊಡ್ಡ ಪೈಪಿಗೆ ಸಣ್ಣದನ್ನು ಸೇರಿಸಲು ನಲ್ಲಿಯವರು ಬಳಸುವ ರೆಡ್ಯೂಸರುಗಳನ್ನು ಒಂದಕ್ಕೊಂದು ಜೋಡಿಸಿ ತಂದೆ. ಎಷ್ಟು ಇಂಚಿನ ಲೈನು ಎಂದು ಅಂಗಡಿಯವರು ಕೇಳಿದಾಗ, “ನೀರಿಗಲ್ಲ, ಬಾಯಿಗೆ” ಎಂದು ನಿಜ ಹೇಳಿದೆ. ಅವರು ಬಿಲ್ಲು ಮಾಡುವುದನ್ನು ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿದರು.

ಎಲ್ಲವನ್ನೂ ಹಳೇ ಸ್ಟೀಲಿನ ಅಕ್ಕಿ ಡಬ್ಬಿಯೊಳಗೆ ಕೂರಿಸಿ, ಡಬ್ಬಿ ನಡುಗದ ಹಾಗೆ ಸುತ್ತ ಹಳೇ ಕಾಟನ್ ಸೀರೆ ತುರುಕಿ, ಮುಚ್ಚಳಕ್ಕೆ ತೂತು ಕೊರೆದು ಪೈಪು ಹೊರಗೆ ತಂದೆ. ಆಂಪ್ಲಿಫಯರಿಗೆ ಕೊಟ್ಟು ಮೊಬೈಲಿನಿಂದ ಗಿಟಾರಿನ ಟ್ರ್ಯಾಕೊಂದನ್ನು ಹಾಕಿ ಗುಂಡಿ ತಿರುಗಿಸಿದೆ. ‘ಪಟ್’ ಎಂದಿತು. ಆಮೇಲೆ ಏನೂ ಇಲ್ಲ. ಯೂನಿಟ್ಟಿನೊಳಗಿನ ತೆಳು ಹಾಳೆ ಹರಿದುಹೋಗಿತ್ತು. ಹಾರ್ನ್ ಯೂನಿಟ್ಟಿಗೆ ದಪ್ಪ ದನಿ ತಡೆಯುವ ಶಕ್ತಿಯಿಲ್ಲ. ದಾರಿಯಲ್ಲೊಂದು ಕೆಪಾಸಿಟರ್ ಹಾಕಿ ಅದನ್ನು ತಡೆದು ನಿಲ್ಲಿಸಬೇಕು. ಇದು ಯಾರಿಗೆ ಗೊತ್ತಿಲ್ಲ ಹೇಳಿ? ವರ್ಷವರ್ಷವೂ ಇದೇ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆದು, ಉತ್ತರ ತಪ್ಪಿದವರಿಗೆ “ತಲೆಯಲ್ಲಿ ಎಂತ ಉಂಟು ನಿಮಗೆ?” ಎಂದು ಕೇಳುತ್ತಿದ್ದ ಶಾಲಿನಿ ಟೀಚರಿಗೆ ಗೊತ್ತಿತ್ತು. ಅಕ್ಕಿ ಡಬ್ಬಿಯ ಎದುರು ಕೂತ ಶಾಲಿನಿಗೆ ಮರೆತಿತ್ತು. ಅಟ್ಟ ಹತ್ತಿ ಎರಡನೇ ಯೂನಿಟ್ಟನ್ನು ಇಳಿಸುವಾಗ, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತಿಕೊಂಡೆ. ಇದು ಹೋದರೆ ಅಪ್ಪನ ಕಾಲದ್ದು ಇನ್ನೊಂದಿಲ್ಲ.

ಈ ಸಲ ಕೆಪಾಸಿಟರು ಹಾಕಿದೆ. ಪೈಪನ್ನು ಬಾಯಿಯ ಮೂಲೆಗೆ ಕಚ್ಚಿ ಹಿಡಿದು ಟ್ರ್ಯಾಕ್ ಶುರು ಮಾಡಿದೆ. ಬಂತು! ನನ್ನ ಬಾಯಿಯಿಂದ ಗಿಟಾರು ಬಂತು. “ಅಮ್ಮ” ಎನ್ನಲು ಹೋದರೆ “ಅಂಬಾ” ಆಯಿತು. “ನಮಸ್ಕಾರ” ಎಂದದ್ದು ನೆಗಡಿಯಾದ ಕಪ್ಪೆಯ ಹಾಗೆ ಕೇಳಿತು. ಜೊಲ್ಲು ಗಲ್ಲದಿಂದ ಇಳಿದು ರವಕೆಗೆ ತಾಗಿತು. ಉಸಿರೆಳೆದರೆ ಪೈಪಿನಲ್ಲಿ ಸುಯ್ ಎನ್ನುತ್ತದೆ, ಎಳೆಯದಿದ್ದರೆ ಕಣ್ಣು ಕತ್ತಲೆ ಬರುತ್ತದೆ. ಆದರೂ ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಕುಣಿದೆ.

ಸಿರಿಲಣ್ಣನನ್ನು ಗಿಟಾರಿನ ಸಮೇತ ಮನೆಗೆ ಕರೆಸಿದೆ. ಜೆಸಿಂತಕ್ಕನೂ ಬಂದರು. ಅಕ್ಕಿ ಡಬ್ಬಿ, ಅದರಿಂದ ಹೊರಟ ಪೈಪು, ಎದುರು ಮೈಕು. ಸಿರಿಲಣ್ಣ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಟೈಪ್ ಮಾಡಿದರು: “ಸಾರಾಯಿ ಕಾಯಿಸ್ಲಿಕ್ಕೆ ಶುರು ಮಾಡಿದ್ಯಾ?”

ನಾನು ನನ್ನ ಪೈಪು ಕಚ್ಚಿ ತೋರಿಸಿದೆ. ಕಪ್ಪೆ ಮತ್ತೆ ಕೂಗಿತು. ಜೆಸಿಂತಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸಿರಿಲಣ್ಣ ನಗಲಿಲ್ಲ. ಮೊಬೈಲು ಕೈಗೆತ್ತಿಕೊಂಡು ತುಂಬ ಹೊತ್ತು ಟೈಪ್ ಮಾಡಿದರು. “ಇದು ಸರ್ಕಸ್. ಜನ ನಗ್ತಾರೆ. ಮಗಳ ಎದುರು ನನ್ನನ್ನು ಕೋಡಂಗಿ ಮಾಡಬೇಡ ಶಾಲಿನಿ.”

ಉತ್ತರ ಕೊಟ್ಟದ್ದು ಜೆಸಿಂತಕ್ಕ. ನಗು ನಿಲ್ಲಿಸಿ, ಗಂಡನ ಕಡೆ ತಿರುಗಿ ನೇರ ಹೇಳಿದರು: “ಅವಳು ಜೊಲ್ಲು ಸುರಿಸಿಕೊಂಡು ತೋರಿಸಿದ್ಲು. ನಿಮಗೆ ಒಂದು ಸಲ ಬಾಯಿ ಹಾಕ್ಲಿಕ್ಕೆ ಎಂತ ಕಷ್ಟ?”

ಬಿಸಿನೀರಿನಲ್ಲಿ ತೊಳೆದ ಹೊಸ ಪೈಪನ್ನು ಸಿಕ್ಕಿಸಿದೆ. ಸಿರಿಲಣ್ಣ ಅದನ್ನು ಬಾಯಿಯ ಎಡಮೂಲೆಗೆ ಇಟ್ಟುಕೊಂಡು, ಮೈಕಿನ ಹತ್ತಿರ ಬಾಗಿ, ಬೇಸರದಿಂದಲೇ ಒಂದು ತಂತಿ ಮೀಟಿದರು. ಬಾಯಿ ಮುಚ್ಚಿತ್ತು, ಗುಂಯ್ ಎಂದಿತು ಅಷ್ಟೆ. ಇನ್ನೊಮ್ಮೆ ಮೀಟಿ ಬಾಯಿ ತೆರೆದರು. “ಆ...” ಎಂದಿತು. ಅವರು ಬೆಚ್ಚಿ ಸುತ್ತ ನೋಡಿದರು, ಬೇರೆ ಯಾರೋ ಹೇಳಿದರೆಂಬ ಹಾಗೆ. ಮತ್ತೆ ಮೀಟಿದರು. ತುಟಿ ಕೂಡಿಸಿ ತೆರೆದರು. ಈ ಸಲ ಕಣ್ಣು ಮುಚ್ಚಿದ್ದರು.

“ಬಾ... ಯೆ.”

ಸ್ಪಷ್ಟವಾಗಿ ಬಂತು. ಕಪ್ಪೆಯಲ್ಲ, ಮಿಕ್ಸಿಯಲ್ಲ. ಗಿಟಾರಿನ ದನಿ, ಆದರೆ ಮಾತು ಮನುಷ್ಯನದು. ಜೆಸಿಂತಕ್ಕ ಕುರ್ಚಿಯ ಅಂಚಿಗೆ ಕೈಯಿಟ್ಟು ಕೂತುಬಿಟ್ಟರು.

ಆಮೇಲೆ ಅವರು “ಜೆಸಿಂತಾ” ಎಂದು ಕರೆಯಲು ಹೋದರು. ‘ಸ’ಕಾರಕ್ಕೆ ಉಸಿರಿನ ಗಾಳಿ ಬೇಕು, ಅವರ ಉಸಿರು ಬಾಯಿಗೆ ಬರುವುದಿಲ್ಲ. “ಜೆಯಿಂತಾ” ಎಂದು ಬಂತು.

“ಹೆಂಡತಿ ಹೆಸರು ಮೊದಲು ಸರಿ ಹೇಳ್ಲಿಕ್ಕೆ ಕಲೀರಿ,” ಎಂದು ಜೆಸಿಂತಕ್ಕ ಕಣ್ಣೊರೆಸಿಕೊಂಡು ಗದರಿಸಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಅಭ್ಯಾಸ. ರೀಮಾಳಿಗೆ ಹೇಳಕೂಡದೆಂದು ಸಿರಿಲಣ್ಣನ ಕಟ್ಟಪ್ಪಣೆ: “ಆಗದಿದ್ರೆ ಅವಳಿಗೆ ಎರಡನೇ ಸಲ ಬೇಸರ ಆಗ್ತದೆ.” ಕೆನ್ನೆಯಲ್ಲಿ ಹಿಡಿದಿಟ್ಟ ಗಾಳಿಯನ್ನು ಹಲ್ಲಿನ ಸಂದಿಯಿಂದ ಬಿಟ್ಟು ‘ಸ’ ಹೇಳುವುದನ್ನು ಅವರೇ ಕಂಡುಹಿಡಿದರು. ಅಷ್ಟರಲ್ಲಿ ನಾನು ಒಂದು ಸಂಗತಿ ಗಮನಿಸಿದೆ. ನನಗೆ ಎರಡು ಸಾಲು ಹಾಡುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಸಿರಿಲಣ್ಣ ಉಸಿರಾಡುವುದು ಕತ್ತಿನಿಂದ. ಬಾಯಿಯನ್ನು ಪೂರ್ತಿ ಹಾಡಿಗೇ ಬಿಟ್ಟುಕೊಟ್ಟು ಎಷ್ಟು ಹೊತ್ತು ಬೇಕಾದರೂ ದನಿ ಎಳೆಯಬಹುದು! ಇದನ್ನು ಹೇಳಿದಾಗ ಅವರು ಎದೆಯುಬ್ಬಿಸಿ ಟೈಪ್ ಮಾಡಿದರು: “ವಿಡಿಯೋದವನಿಗೆ ಈ ಸೌಲಭ್ಯ ಉಂಟಾ ಕೇಳು.”

ರೋಸ್ ಅವರ ಮನೆಯಂಗಳದಲ್ಲೇ. ಚಪ್ಪರ, ಬಣ್ಣದ ಬಲ್ಬು, ಕುರ್ಚಿಗಳ ತುಂಬ ನೆಂಟರು. ಸೌಂಡಿನ ಹುಡುಗರ ಮೇಳದ ನಡುವೆ ಅಕ್ಕಿ ಡಬ್ಬಿ ಹಿಡಿದು ನಿಂತ ನನ್ನನ್ನು ನೋಡಿ ಅಡುಗೆಯವರು, “ಅಕ್ಕಾ, ಅಕ್ಕಿ ಹಿಂದೆ ಕೊಡಿ,” ಎಂದರು. ಡಬ್ಬಿಯನ್ನು ಹೂಕುಂಡಗಳ ಹಿಂದೆ ಅಡಗಿಸಿ ವಯರು ಕೊಟ್ಟೆ. ಯೂನಿಟ್ಟಿಗೆ ಏನಾದರೂ ಆದರೆ ಬದಲಿಯಿಲ್ಲ.

ರೀಮಾ ಮಣೆಯ ಮೇಲೆ ಕೂತಳು. ಜೆಸಿಂತಕ್ಕ ಮೊದಲ ಬೊಗಸೆ ತೆಂಗಿನ ಹಾಲನ್ನು ಅವಳ ನೆತ್ತಿಗೆ ಬಿಟ್ಟರು. ಹಾಡಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಕಂಬದ ಹಿಂದಿನಿಂದ ಸಿರಿಲಣ್ಣ ಗಿಟಾರು ಹೆಗಲಿಗೇರಿಸಿ ಬಂದು ಮೈಕಿನ ಮುಂದೆ ನಿಂತರು. ಪೈಪನ್ನು ಬಾಯಿಗಿಟ್ಟುಕೊಂಡರು. ಎಲ್ಲೋ ಒಂದು ಕಿಸಕ್ ನಗು ಕೇಳಿತು.

“ರಡಾನಾಕಾ ಬಾಯೆ...”

ನಕ್ಕವರು ಬಾಯಿ ಮುಚ್ಚಿದರು. ರೀಮಾ ತಲೆಯೆತ್ತಿದಳು. ತೆಂಗಿನ ಹಾಲು ಹಣೆಯಿಂದ ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಒಂದು ಸಾಲು, ಎರಡು ಸಾಲು, ಒಂದು ಅಕ್ಷರವೂ ಜಾರದೆ ಜೋಗುಳ ಪೂರ್ತಿ ಬಂತು. ಕೊನೆಯ “ಬಾಯೆ”ಯನ್ನು ಅವರು ಎಳೆದರು, ಎಳೆದರು, ಇನ್ನೂ ಎಳೆದರು. ಯಾವ ಗಾಯಕನಿಗೂ ಸಾಧ್ಯವಿಲ್ಲದಷ್ಟು.

ಹಾಡು ನಿಂತಾಗ ರೀಮಾ ಅಳುತ್ತ ನಗುತ್ತ ಕೂಗಿದಳು: “ಡ್ಯಾಡಾ, ಸರಿ ಹಾಡಿದೆ ನೀನು! ಎರಡನೇ ಸಾಲು ಸರಿ ಹಾಡಿದೆ!”

ಇಲ್ಲಿ ನಿಮಗೊಂದು ಗುಟ್ಟು ಹೇಳಬೇಕು. ಸಿರಿಲಣ್ಣ ಊರಿಗೆಲ್ಲ ಪ್ರಿಯ ಹಾಡುಗಾರರೇ. ಆದರೆ ಆ ಜೋಗುಳದ ಎರಡನೇ ಸಾಲಿನ ಮೇಲಿನ ಸ್ವರ ಅವರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಪ್ರತಿಸಲ ಕೂದಲೆಳೆ ಕೆಳಗೆ ನಿಲ್ಲುತ್ತಿತ್ತು. ಗಿಟಾರಿನ ಕತ್ತಿನ ಮೇಲೆ ಪಟ್ಟಿ ಹೊಡೆದು ಮಾಡಿದ ಮನೆಗಳು ಹಾಗಲ್ಲ, ಬೆರಳಿಟ್ಟಲ್ಲಿ ಸ್ವರ ಸರಿಯಾಗಿ ಕೂರುತ್ತದೆ. ಮಗಳ ಮಾತು ಕೇಳಿ ಸಿರಿಲಣ್ಣ ಒಂದು ಗಳಿಗೆ ಪೆಚ್ಚಾದರು. ಆಮೇಲೆ ಕಣ್ಣು ಮಿಟುಕಿಸಿ ಎರಡನೇ ಸಾಲನ್ನು ಮತ್ತೆ ಎತ್ತಿಕೊಂಡರು. ಈ ಸಲ ಬೇಕೆಂದೇ ಒಂದು ಮನೆ ಕೆಳಗೆ ಬೆರಳಿಟ್ಟು, ತಂತಿಯನ್ನು ಮೇಲಕ್ಕೆ ಜಗ್ಗಿ, ಆ ಸ್ವರಕ್ಕೆ ಮುಟ್ಟುವ ಮೊದಲೇ ನಿಲ್ಲಿಸಿಬಿಟ್ಟರು. ಅದೇ ಕೂದಲೆಳೆ ಕೆಳಗೆ. ಜೆಪ್ಪುವಿನ ಮುದುಕರು ಮಕ್ಕಳೆಲ್ಲ ಹೋ ಎಂದು ಕೂಗಿದರು. ಅದು ಸಿರಿಲಣ್ಣನೇ, ಸಂಶಯವೇ ಇಲ್ಲ! ರೀಮಾ ಮಣೆಯಿಂದ ಎದ್ದು, ಹಾಲು ಸುರಿಯುವ ಮೈಯಲ್ಲೇ ಅಪ್ಪನನ್ನು ಗಿಟಾರು ಸಮೇತ ಅಪ್ಪಿಕೊಂಡಳು. ನಾನು ಹೂಕುಂಡದ ಹಿಂದೆ ಓಡಿ ಆಂಪ್ಲಿಫಯರಿನ ಸ್ವಿಚ್ ಆರಿಸಿದೆ. ತೆಂಗಿನ ಹಾಲಿಗೂ ಕರೆಂಟಿಗೂ ಆಗಿಬರುವುದಿಲ್ಲವೆಂದು ಆ ಗಳಿಗೆಯಲ್ಲಾದರೂ ನನಗೆ ಹೊಳೆಯಿತು.

ಆ ದಿನ ಊಟ ತಡವಾಯಿತು. ಮತ್ತೆ ಸ್ವಿಚ್ ಹಾಕಿಸಿ ಸಿರಿಲಣ್ಣ ಅವರಿವರ ಬೇಡಿಕೆಯ ಹಾಡುಗಳನ್ನೆಲ್ಲ ಹಾಡಿದರು, ನಡುವೆ ಭಾಷಣ ಮಾಡಿದರು, ಬೀಗರನ್ನು ಗೇಲಿ ಮಾಡಿದರು. ಇಡ್ಲಿಯಂಥ ಸಾನ್ನಾಂ ಆರುತ್ತಿದೆಯೆಂದು ಜೆಸಿಂತಕ್ಕ ಕೊನೆಗೆ ಅವರ ಬಾಯಿಂದ ಪೈಪು ಎಳೆದು ತೆಗೆಯಬೇಕಾಯಿತು.

ಈಗ ಡಬ್ಬಿ ಜೆಪ್ಪುವಿನಲ್ಲೇ ಇದೆ, ಬಿಡುವಿಲ್ಲ. ಹೋದ ಭಾನುವಾರ ನದಿಯಾಚೆಯ ಬೆಂಗ್ರೆಯ ಮೀನುಗಾರ ಗೆಳೆಯರೊಬ್ಬರ ಮೊಮ್ಮಗನ ಹುಟ್ಟುಹಬ್ಬಕ್ಕೆ ಸಿರಿಲಣ್ಣನಿಗೆ ಕರೆ ಬಂದಿತ್ತು. ಮಧ್ಯಾಹ್ನದ ಫೆರಿಯಲ್ಲಿ ನಾವಿಬ್ಬರೂ ನದಿ ದಾಟುತ್ತಿದ್ದೆವು. ಸಿರಿಲಣ್ಣ ಮುಂದೆ ಗಿಟಾರು ಹಿಡಿದು ನಿಂತು ಗಾಳಿಗೆ ಮುಖವೊಡ್ಡಿದ್ದರು. ಕತ್ತಿನ ಬಟ್ಟೆ ಪಟಪಟ ಎನ್ನುತ್ತಿತ್ತು. ನಾನು ತೊಡೆಯ ಮೇಲೆ ಅಕ್ಕಿ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಮೀನಿನ ಬುಟ್ಟಿಯ ಹೆಂಗಸೊಬ್ಬರು ಅವರನ್ನೇ ನೋಡಿ, ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು:

“ಪಾಪ, ಅವರಿಗೆ ಮಾತು ಬರುವುದಿಲ್ಲ ಅಲ್ವಾ?”

“ಯಾರು ಹೇಳಿದ್ದು ಮಾರಾಯ್ರೆ?” ಎಂದೆ ನಾನು. “ಸಂಜೆ ಬನ್ನಿ, ಕೇಳಿ. ಆಮೇಲೆ ಅವರ ಬಾಯಿ ಮುಚ್ಚಿಸುವುದು ಹೇಗೆ ಅಂತ ನೀವೇ ನಮಗೆ ಹೇಳಿಕೊಡಿ.”